ಕುಣಿಗಲ್ ಕುದುರೆ, ಹಳ್ಳಿಕಾರ್ ಜೋಡಿ

ಹುತ್ರಿದುರ್ಗವಿರುವ ಕುಣಿಗಲ್ ಸೀಮೆ ಹೊರಗಿನವರಿಗೆ ಗೊತ್ತಿರುವುದು ಕುದುರೆಯಿಂದ. ಟಿಪ್ಪುವಿನ ಅಶ್ವದಳಕ್ಕೆ ಇಲ್ಲಿ ಕುದುರೆ ಸಾಕುತ್ತಿದ್ದರೆಂಬ ಪ್ರತೀತಿಯಿದೆ. 1992ರಲ್ಲಿ ಖಾಸಗಿ ಗುತ್ತಿಗೆಗೆ ಹೋದ ಕುಣಿಗಲ್ ಸ್ಟಡ್ ಫಾರಂ ರೇಸಿನ ಕುದುರೆಗಳಿಗೆ ದೇಶದಲ್ಲೆಲ್ಲ ಹೆಸರುವಾಸಿ. ಇದೇ ಸೀಮೆಯ ರೈತನ ಕೊಟ್ಟಿಗೆಯ ಹಳ್ಳಿಕಾರ್ ಎತ್ತಿನ ಜೋಡಿಗೆ ಅಷ್ಟು ದೊಡ್ಡ ಹೆಸರಿಲ್ಲ. ಈಗ ಮನೆಮಂದಿಯ ವ್ಯಾನಿನ ಪಕ್ಕದಲ್ಲಿ ಹಳೆಯ ಸ್ಪೋರ್ಟ್ಸ್ ಕಾರು ನಿಂತರೆ ಕಣ್ಣು ಕಾರಿನ ಕಡೆಗೇ ಹೋಗುತ್ತದೆ. ಹೆಂಗಸರು, ಮಕ್ಕಳು, ಅಕ್ಕಿ, ಹಾಸಿಗೆ ಎಲ್ಲವನ್ನೂ ಹೇರಿಕೊಂಡು ಜಾತ್ರೆಗೆ ಹೋಗುತ್ತಿದ್ದ ಕಮಾನು ಗಾಡಿಗೂ ಸವಾರನ ಕುದುರೆಗೂ ಇದ್ದ ಅಂತರ ಇದೇ. ಆದರೆ ಈ ಸೀಮೆಯ ಚರಿತ್ರೆಯ ಭಾರ ಹೊತ್ತದ್ದು ಎತ್ತು. ಕುದುರೆಗೆ ಸಿಕ್ಕಿದ್ದು ಕೀರ್ತಿ.

1791ರ ಮೇ ತಿಂಗಳನ್ನೇ ನೋಡಿ. ಟಿಪ್ಪುವಿನ ಮೇಲೆ ದಂಡೆತ್ತಿ ಬೆಂಗಳೂರನ್ನು ಗೆದ್ದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರ ಅರಕೆರೆಯಲ್ಲೂ ಮೇಲುಗೈ ಪಡೆದ. ಆದರೂ ಕೋಟೆಗೆ ಮುತ್ತಿಗೆ ಹಾಕಲಾಗಲಿಲ್ಲ. ಮೇವಿಲ್ಲದೆ, ಮಳೆಯಲ್ಲಿ ನೆನೆದು, ರೋಗಕ್ಕೆ ಸಿಕ್ಕಿ ಎತ್ತುಗಳು ಸತ್ತವು; ಎಳೆಯುವವರಿಲ್ಲದ ಭಾರಿ ಫಿರಂಗಿಗಳನ್ನು ತಾನೇ ಹಾಳುಗೆಡವಿ ಹಿಂದಿರುಗಬೇಕಾಯಿತು. ಗೆದ್ದ ಸೈನ್ಯವನ್ನು ಹಿಮ್ಮೆಟ್ಟಿಸಿದ್ದು ಎತ್ತುಗಳ ಸಾವು. ಮುಂದಿನ ತಿಂಗಳುಗಳಲ್ಲಿ ಅವನು ಮೊದಲು ಮಾಡಿದ್ದು ಸಾಗಣೆಯ ವ್ಯವಸ್ಥೆ. ಬಂಜಾರರ ಹೇರೆತ್ತುಗಳು ದವಸ ತಂದವು. ಆ ದಾರಿಗೆ ಅಡ್ಡಿಯಾಗದಂತೆ ಡಿಸೆಂಬರಿನಲ್ಲಿ ಸಾವನದುರ್ಗವನ್ನೂ ಕೆಲವೇ ದಿನಗಳಲ್ಲಿ ಹುತ್ರಿದುರ್ಗವನ್ನೂ ಹಿಡಿದ. ಕೆಂಪೇಗೌಡರ ಕಾಲದಿಂದ ಹೆಸರಾದ ಈ ಗಿರಿದುರ್ಗದ ಪತನವನ್ನು ಶೌರ್ಯದ ಕಥೆಯಾಗಷ್ಟೇ ಓದಿದರೆ ಅರ್ಧ ಮಾತ್ರ ತಿಳಿದಂತೆ. ಉಳಿದರ್ಧ ಮೇವಿನದು, ದವಸದ್ದು.

ಟಿಪ್ಪುವಿನ ತಂದೆ ಹೈದರನ ಕುದುರೆ ಪಡೆ ಶತ್ರುಗಳನ್ನು ನಡುಗಿಸಿತ್ತಲ್ಲ ಎಂದು ಕೇಳಬಹುದು. ನಿಜ, ಸುತ್ತುವರಿದು ಕಾಡಲು, ಶತ್ರುವಿನ ಸಾಗಣೆ ಕಡಿದುಹಾಕಲು ಅದಕ್ಕೆ ಸಮನಿರಲಿಲ್ಲ. ಆದರೆ ಅದು ಕಡಿಯುತ್ತಿದ್ದದ್ದೂ ಎತ್ತುಗಳ ಸಾಲನ್ನೇ. ಎತ್ತು ನಿಧಾನ ಎಂಬ ಇನ್ನೊಂದು ಆಕ್ಷೇಪ ಈ ನಾಡಿನ ತಳಿಗೆ ಒಪ್ಪುವುದಿಲ್ಲ. ಹಳ್ಳಿಕಾರಿನ ಮೂಲದಿಂದಲೇ ಬೆಳೆದ ಅಮೃತಮಹಲ್ ಎತ್ತುಗಳು ಫಿರಂಗಿ ಎಳೆಯುತ್ತಲೇ ದಂಡಿನ ಓಟಕ್ಕೆ ಹೊಂದಿಕೊಳ್ಳುತ್ತಿದ್ದವು; 1799ರಲ್ಲಿ ಟಿಪ್ಪು ಬಿದ್ದ ನಂತರ ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿ ಕೂಡ ಅವನ್ನೇ ನೆಚ್ಚಿದ. ಖರ್ಚು ಉಳಿಸಲು 1860ರಲ್ಲಿ ಆ ಹಿಂಡುಗಳನ್ನು ಮಾರಿದ ಸರ್ಕಾರ, 1866ರಲ್ಲಿ ಮತ್ತೆ ಕಟ್ಟಬೇಕಾಯಿತು. ಹಾಗಿದ್ದೂ ಪಾಠ ಕಲಿತಂತೆ ಕಾಣುವುದಿಲ್ಲ. ಕುದುರೆಗೆ ಲಾಯ, ಹುಲ್ಲುಗಾವಲು, ವಂಶಾವಳಿಯ ದಾಖಲೆ ಉಳಿದವು. ಎತ್ತಿನ ಮೇವಿಗೆಂದು ಮೀಸಲಿಟ್ಟ ಅಮೃತಮಹಲ್ ಕಾವಲುಗಳು ಒಂದೊಂದಾಗಿ ಬೇರೆ ಕೆಲಸಕ್ಕೆ ಹೋದವು. ಸಿದ್ಧಗಂಗೆಯ ದನಗಳ ಜಾತ್ರೆಗೆ ಹಳ್ಳಿಕಾರ್ ಜೋಡಿಗಳು ಈಗಲೂ ಬರುತ್ತಿವೆ ಎಂದರೆ, ಅದು ರೈತರು ತಮ್ಮ ಕೈಯಿಂದ ಹಾಕಿದ ಮೇವಿನ ಬಲ. ಉಳಿದಿರುವ ಕಾವಲುಗಳನ್ನಾದರೂ ದನಗಳಿಗೇ ಬಿಟ್ಟುಕೊಡಬೇಕು.