ಅಕ್ಷರ ಕಲಿಸಿದವರು ಯಾರು?

ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡುವ ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯವರು ನಾವು. ಇಲ್ಲಿ 'ಓದು ಬಂದವನು' ಎಂಬ ಮಾತಿಗೆ ಕಾಲಕಾಲಕ್ಕೆ ಅರ್ಥ ಬೇರೆಯಾಗಿದೆ.

ನಿಜಾಮರ ರಾಜ್ಯದಲ್ಲಿ 1880ರ ದಶಕದಲ್ಲಿ ಪಾರಸಿಯ ಬದಲು ಉರ್ದು ಕಚೇರಿಯ ಭಾಷೆಯಾಯಿತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉಚ್ಚ ಶಿಕ್ಷಣವನ್ನೂ ಉರ್ದುವಿನಲ್ಲೇ ಕೊಟ್ಟಿತು. ಇಂಗ್ಲಿಷಿನ ಆ ಕಾಲದಲ್ಲಿ ಅದು ಸಣ್ಣ ಮಾತಲ್ಲ. ಆದರೆ ಕನ್ನಡ, ತೆಲುಗು ಮನೆಯ ಹುಡುಗನಿಗೆ ಆ ಮೆಟ್ಟಿಲೂ ಎತ್ತರದ್ದೇ. ಇತ್ತ ಗದ್ವಾಲ ಸಂಸ್ಥಾನ ಸಂಸ್ಕೃತ, ತೆಲುಗು ಪಂಡಿತರನ್ನು ಸನ್ಮಾನಿಸಿ 'ವಿದ್ವದ್ಗದ್ವಾಲ' ಎನಿಸಿಕೊಂಡಿತು.

ಹಾಗಾದರೆ ಕನ್ನಡ ಎಲ್ಲಿತ್ತು? ಕೂಲಿಮಠದಲ್ಲಿತ್ತು. ಐಗಳು ಮರಳಿನ ಮೇಲೆ ಅಕ್ಷರ ತಿದ್ದಿಸಿ, ಮಗ್ಗಿ ಬಾಯಿಪಾಠ ಮಾಡಿಸುತ್ತಿದ್ದರು. ಅಲ್ಲಿಗೂ ಎಲ್ಲರ ಮಕ್ಕಳು ಹೋಗುತ್ತಿರಲಿಲ್ಲ. ಅಂಗಡಿಕಾರರ ಮಗ ಹೋದ. ಜೀತದವನ ಮಗ ದನ ಕಾಯ್ದ. ಹೆಣ್ಣುಮಕ್ಕಳು ಹೋದದ್ದು ಅಪರೂಪ. ನೇಕಾರರ ಮಗನಿಗೆ ಮಗ್ಗವೇ ಶಾಲೆ. ನಾರಾಯಣಪೇಟೆಯಲ್ಲಿ ಒಂದೇ ಹಾಸಿನಲ್ಲಿ ಎಂಟು ಸೀರೆ ನೇಯುವ ರೂಢಿ. ಆ ಎಳೆಗಳ ಲೆಕ್ಕ ತಪ್ಪದೆ ಇಡುವವನನ್ನು ಜನಗಣತಿಯ ಕಾಗದ ನಿರಕ್ಷರಿ ಎಂದೇ ಬರೆದುಕೊಂಡಿತು.

1956ರ ನವೆಂಬರ್ 1ರಂದು ರಾಜ್ಯಗಳು ಹೊಸದಾಗಿ ರೂಪುಗೊಂಡವು. ರಾಯಚೂರು ಜಿಲ್ಲೆ ಅಂದಿನ ಮೈಸೂರು ರಾಜ್ಯಕ್ಕೆ ಬಂದರೂ ಅದರ ಗದ್ವಾಲ, ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. ನಾರಾಯಣಪೇಟೆ, ಮಕ್ತಲ್ ಅದಕ್ಕೂ ಮೊದಲೇ ಮಹಬೂಬನಗರ ಜಿಲ್ಲೆಯಲ್ಲಿದ್ದವು. ಅದೇ ವರ್ಷ ಸಂವಿಧಾನಕ್ಕೆ ಸೇರಿದ 350ಎ ವಿಧಿ, ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣದ ಅನುಕೂಲ ಒದಗಿಸಬೇಕೆನ್ನುತ್ತದೆ. ಕೃಷ್ಣಾ ಮಂಡಲದ ಕನ್ನಡ ಶಾಲೆಗಳು ಆ ಮಾತನ್ನು ಉಳಿಸಿಕೊಂಡು ಬಂದಿವೆ. ಆದರೆ ಶಾಲೆ ಮುಗಿದ ಮೇಲೆ ಕಾಲೇಜು, ಅರ್ಜಿ, ನೌಕರಿ ಎಲ್ಲಕ್ಕೂ ಬೇರೆ ಭಾಷೆ ಬೇಕು. ಅದಕ್ಕೇ ತಂದೆತಾಯಿಗಳು ಹಿಂಜರಿಯುತ್ತಾರೆ. ಅವರನ್ನು ದೂರಲಾರೆ.

ನಾನು ಬ್ಯಾಂಕಿನ ಗುಮಾಸ್ತನಾಗಿದ್ದವನು. ಒಂದು ಶಾಖೆಯಲ್ಲಿ ಮುದುಕರೊಬ್ಬರು ಬಂದು ಹಣ ತೆಗೆಯುವ ಚೀಟಿಗೆ ಕನ್ನಡದಲ್ಲಿ ಸಹಿ ಹಾಕಿದರು. ಮೇಲಿನವರು ಆ ಲಿಪಿ ತಮಗೆ ತಿಳಿಯದು, ಹೆಬ್ಬೆಟ್ಟು ಒತ್ತಿಸು ಎಂದರು. ನನಗೆ ಆ ಲಿಪಿ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ಶಾಯಿಯ ಡಬ್ಬಿ ಮುಂದಿಟ್ಟೆ. ಅವರು ಹೆಬ್ಬೆಟ್ಟು ಒತ್ತಿ, ಬೆರಳನ್ನು ಧೋತರದ ಅಂಚಿಗೆ ಒರೆಸಿಕೊಂಡು, ಬಡ್ಡಿಯ ಲೆಕ್ಕದಲ್ಲಿ ನಾನು ಮಾಡಿದ್ದ ತಪ್ಪನ್ನು ಮೆಲ್ಲಗೆ ತೋರಿಸಿ ಹೋದರು.

ನಿಮ್ಮ ಮನೆಯಲ್ಲೂ ಅಂಥ ಹಿರಿಯರು ಇದ್ದಾರು. ಈ ಸಂಜೆ ಮೊಮ್ಮಕ್ಕಳನ್ನು ಅವರ ಬಳಿ ಕೂರಿಸಿ, ಒಂದು ಪಾಟಿ ಕೊಡಿ. ತೆಲುಗು ಶಾಲೆ ಕಲಿಸಲಿ, ಇಂಗ್ಲಿಷೂ ಕಲಿಯಲಿ. ಕನ್ನಡದಲ್ಲಿ ತಮ್ಮ ಹೆಸರನ್ನು ತಾವೇ ಬರೆಯಲು ಅವರಿಗೆ ಬರಲಿ.