ಕಾಸರಗೋಡು ಸೀಮೆಯಲ್ಲಿ ಪರತತ್ತ್ವದ ದಾರಿಗಳು

ತತ್ತ್ವವೊಂದು, ದಾರಿ ಹಲವು ಎಂಬ ಮಾತನ್ನು ಉಪಾಧ್ಯಾಯರಾದ ನಾವು ತರಗತಿಗಳಲ್ಲಿ ಎಷ್ಟು ಸಲ ಹೇಳಿದ್ದೇವೆಯೋ ಲೆಕ್ಕವಿಲ್ಲ. ಜ್ಞಾನ, ಭಕ್ತಿ, ಕರ್ಮ ಎಂದು ಕರಿಹಲಗೆಯ ಮೇಲೆ ಬರೆದು, ನದಿಗಳೆಲ್ಲವೂ ಕಡಲನ್ನೇ ಸೇರುತ್ತವೆಂದು ಪಾಠವನ್ನು ಮುಗಿಸುವುದು ನಮ್ಮ ವಾಡಿಕೆ. ಹಾಗಾದರೆ ಹಿರಿಯರು ದಿನಗಟ್ಟಲೆ ವಾದ ಮಾಡಿದುದೇಕೆ ಎಂದು ಚುರುಕಾದ ವಿದ್ಯಾರ್ಥಿಯೊಬ್ಬನು ಎದ್ದು ಕೇಳಿದರೆ ಉತ್ತರ ಹೇಳುವುದು ಸುಲಭವಲ್ಲ. ಆ ಉತ್ತರವನ್ನು ಹುಡುಕಲು ಕಾಶಿಗೆ ಹೋಗಬೇಕಾಗಿಲ್ಲ. ಕುಂಬಳೆಯಿಂದ ಹೊಸದುರ್ಗದವರೆಗಿನ ನಮ್ಮ ಸೀಮೆಯ ಚರಿತ್ರೆಯೇ ಸಾಕು.

ಕ್ರಿ. ಶ. 13ನೆಯ ಶತಮಾನದಲ್ಲಿ ಕುಂಬಳೆಯ ಅರಸು ಜಯಸಿಂಹನು ಮಧ್ವಾಚಾರ್ಯರನ್ನು ಆದರದಿಂದ ಬರಮಾಡಿಕೊಂಡನು. ಆಗ ಈ ಸೀಮೆಯಲ್ಲಿ ತ್ರಿವಿಕ್ರಮ ಪಂಡಿತರೆಂಬ ವಿದ್ವಾಂಸರಿದ್ದರು. ಅವರು ಅದ್ವೈತದಲ್ಲಿ ಪಳಗಿದವರು, ಮೇಲಾಗಿ ಕವಿಗಳು. ಅವರ ತಮ್ಮ ಶಂಕರ ಪಂಡಿತರು ಅದಾಗಲೇ ಮಧ್ವರ ಶಿಷ್ಯರಾಗಿ ಗ್ರಂಥಭಂಡಾರವನ್ನು ನೋಡಿಕೊಳ್ಳುತ್ತಿದ್ದರು. ಹೀಗೆ ಒಂದೇ ಮನೆಯಲ್ಲಿ ಎರಡು ದಾರಿಗಳಿದ್ದವು. ಕಾಸರಗೋಡಿಗೆ ಹತ್ತಿರದ ವಿಷ್ಣುಮಂಗಲ, ಕೂಡ್ಲು ಪರಿಸರದಲ್ಲಿ ಮಧ್ವರಿಗೂ ತ್ರಿವಿಕ್ರಮರಿಗೂ ಹಲವು ದಿನ ವಾದ ನಡೆಯಿತು. ಕೊನೆಗೆ ತ್ರಿವಿಕ್ರಮರು ಶಿಷ್ಯತ್ವವನ್ನು ಸ್ವೀಕರಿಸಿದರು.

ಆ ವಾದದ ವಿಷಯ ಅಲ್ಪವಾದುದಲ್ಲ. ಜೀವನೂ ಬ್ರಹ್ಮವೂ ಪರಮಾರ್ಥದಲ್ಲಿ ಒಂದೇ, ಭೇದವು ಅವಿದ್ಯೆಯಿಂದ ತೋರುವುದು ಎಂಬುದು ಅದ್ವೈತ. ಜೀವನು ಎಂದೆಂದಿಗೂ ಈಶ್ವರನಿಂದ ಬೇರೆ, ಮುಕ್ತಿಯಲ್ಲಿಯೂ ಆ ಭೇದ ಅಳಿಯದು, ಹರಿಯ ಪ್ರಸಾದದಿಂದಲೇ ಮೋಕ್ಷ ಎಂಬುದು ದ್ವೈತ. ಶಂಕರರೂ ಮಧ್ವರೂ ಒಂದೇ ಗೀತೆಗೆ ಭಾಷ್ಯ ಬರೆದು ಬೇರೆಬೇರೆ ಅರ್ಥವನ್ನು ಕಂಡರು. ಇವೆರಡೂ ಒಂದೇ ಎಂದುಬಿಟ್ಟರೆ ತ್ರಿವಿಕ್ರಮರು ಅಷ್ಟು ದಿನ ಕುಳಿತು ವಾದಿಸಿದುದಕ್ಕೆ ಅರ್ಥವೇ ಉಳಿಯದು.

ವಾದದ ಫಲವನ್ನೂ ನಾವು ಗಮನಿಸಬೇಕು. ಗುರುಗಳ ಆಜ್ಞೆಯಂತೆ ತ್ರಿವಿಕ್ರಮರು ಅವರ ಬ್ರಹ್ಮಸೂತ್ರಭಾಷ್ಯಕ್ಕೆ ‘ತತ್ತ್ವಪ್ರದೀಪ’ವೆಂಬ ವ್ಯಾಖ್ಯಾನವನ್ನು ಬರೆದರು. ಶಿಷ್ಯನ ಪ್ರಾರ್ಥನೆಯಂತೆ ಗುರುಗಳು ‘ಅನುವ್ಯಾಖ್ಯಾನ’ವನ್ನು ರಚಿಸಿದರು. ನಿನ್ನೆಯ ಪ್ರತಿವಾದಿಯ ಕೈಗೆ ತನ್ನ ಗ್ರಂಥವನ್ನು ಒಪ್ಪಿಸಿದ ಗುರು, ಗುರುವಿನಿಂದ ಹೊಸ ಗ್ರಂಥವನ್ನೇ ಬರೆಯಿಸಿದ ಶಿಷ್ಯ! ಇದನ್ನು ಬರಿಯ ಸೋಲುಗೆಲುವು ಎನ್ನಲಾದೀತೆ? ಈ ವೃತ್ತಾಂತವು ನಮಗೆ ತಿಳಿದುಬಂದುದು ಮುಖ್ಯವಾಗಿ ತ್ರಿವಿಕ್ರಮರ ಮಗ ನಾರಾಯಣ ಪಂಡಿತರು ಬರೆದ 16 ಸರ್ಗಗಳ ‘ಸುಮಧ್ವವಿಜಯ’ದಿಂದ. ಅದು ಗೆದ್ದ ಪಕ್ಷದ ಗ್ರಂಥವೆಂಬುದನ್ನು ಚರಿತ್ರೆಯ ವಿದ್ಯಾರ್ಥಿಗಳು ಮರೆಯಬಾರದು. ಮುಂದೆ ಈ ದ್ವೈತಮತದ ನೆಲೆಯಲ್ಲಿಯೇ ಕನ್ನಡದ ದಾಸಸಾಹಿತ್ಯವು ಬೆಳೆದುದರಿಂದ, ಸಂಸ್ಕೃತದಲ್ಲಿ ವಾದವಾಗಿದ್ದ ವಿಷಯವು ಕನ್ನಡದಲ್ಲಿ ಹಾಡಾಗಿ ಮನೆಮನೆಯನ್ನು ಮುಟ್ಟಿತು.

ಹಾಗೆಂದು ಈ ಸೀಮೆಯಲ್ಲಿ ಅದ್ವೈತವು ಅಳಿಯಲಿಲ್ಲ. ಕಾಸರಗೋಡಿನಿಂದ ಸ್ವಲ್ಪವೇ ದೂರದ ಎಡನೀರು ಮಠವು ಶಂಕರರ ಶಿಷ್ಯರಾದ ತೋಟಕಾಚಾರ್ಯರ ಪರಂಪರೆಯದು. ಅಲ್ಲಿ ದಕ್ಷಿಣಾಮೂರ್ತಿಗೂ ಗೋಪಾಲಕೃಷ್ಣನಿಗೂ ಪೂಜೆ ಸಲ್ಲುತ್ತದೆ. ತತ್ತ್ವದಲ್ಲಿ ಅಭೇದವನ್ನು ಹೇಳುವ ಮಠವು ಉಪಾಸನೆಯಲ್ಲಿ ಶಿವನನ್ನೂ ಕೃಷ್ಣನನ್ನೂ ಕೈಬಿಡಲಿಲ್ಲ. 1973ರಲ್ಲಿ ಸರ್ವೋಚ್ಚ ನ್ಯಾಯಾಲಯದ 13 ಮಂದಿ ನ್ಯಾಯಾಧೀಶರ ಪೀಠವು ನಿರ್ಣಯಿಸಿದ ಸಂವಿಧಾನದ ಮೊಕದ್ದಮೆಗೆ ಹೆಸರಾದವರು ಈ ಮಠದ ಕೇಶವಾನಂದ ಭಾರತೀ ಸ್ವಾಮಿಗಳು. 2020ರಲ್ಲಿ ದೈವಾಧೀನರಾದ ಅವರು ಯಕ್ಷಗಾನಕ್ಕೂ ಸಂಗೀತಕ್ಕೂ ಆಶ್ರಯವಿತ್ತವರು. ಜ್ಞಾನಮಾರ್ಗವೆಂದರೆ ರಸವಿಲ್ಲದ ದಾರಿಯೆಂಬ ತಪ್ಪುಕಲ್ಪನೆ ಎಡನೀರನ್ನು ಕಂಡವರಿಗೆ ಉಳಿಯಲಾರದು.

ಚಂದ್ರಗಿರಿ ಹೊಳೆಯನ್ನು ದಾಟಿ ತೆಂಕಣಕ್ಕೆ ಹೋದರೆ ಮತ್ತೊಂದು ದಾರಿ ಕಾಣುತ್ತದೆ. ಹೊಸದುರ್ಗದಲ್ಲಿ 1884ರಲ್ಲಿ ಹುಟ್ಟಿದ ವಿಠಲರಾಯರು ವಾದಕ್ಕೆ ಕುಳಿತವರಲ್ಲ. ತಂದೆಯೇ ಉಪದೇಶಿಸಿದ ರಾಮಮಂತ್ರವನ್ನು ಜಪಿಸುತ್ತ 1922ರಲ್ಲಿ ಸಂಸಾರವನ್ನು ಬಿಟ್ಟು ಹೊರಟರು. ರಾಮದಾಸರೆಂದು ಪ್ರಸಿದ್ಧರಾದ ಅವರು ತಿರುವಣ್ಣಾಮಲೆಯಲ್ಲಿ ರಮಣ ಮಹರ್ಷಿಗಳ ದರ್ಶನ ಪಡೆದು, ಅರುಣಾಚಲದ ಗುಹೆಯೊಂದರಲ್ಲಿ ನಾಮಸ್ಮರಣೆಯಲ್ಲಿಯೇ ಕೆಲವು ದಿನ ಕಳೆದರು. ‘ನಾನು ಯಾರು’ ಎಂಬ ವಿಚಾರವನ್ನು ಬೋಧಿಸಿದ ಜ್ಞಾನಿಯ ಕೃಪಾದೃಷ್ಟಿಯನ್ನು ನೆನೆದ ಈ ನಾಮಸಾಧಕರು ತಮ್ಮ ನಾಮವನ್ನು ಬಿಡಲಿಲ್ಲ. 1931ರಲ್ಲಿ ಕಾಞಂಗಾಡಿನಲ್ಲಿ ಆನಂದಾಶ್ರಮವು ಸ್ಥಾಪಿತವಾಯಿತು. ಶಾಸ್ತ್ರವನ್ನು ಓದದವರಿಗೂ ಅಲ್ಲಿ ನಾಮವೇ ದಾರಿಯಾಯಿತು.

ಹೀಗೆ ಒಬ್ಬರು ವಾದಿಸಿ ದಾರಿಯನ್ನು ಬದಲಿಸಿದರು. ಒಂದು ಮಠವು ತನ್ನ ದಾರಿಯನ್ನು ಕಾಪಾಡಿಕೊಂಡು ಬಂದಿತು. ಮತ್ತೊಬ್ಬರು ಪರರ ದಾರಿಗೆ ತಲೆಬಾಗಿಯೂ ತಮ್ಮದರಲ್ಲಿಯೇ ನಡೆದರು. ಇವರಲ್ಲಿ ಯಾರೂ ದಾರಿಗಳೆಲ್ಲ ಒಂದೇ ಎಂದು ಕೈತೊಳೆದುಕೊಳ್ಳಲಿಲ್ಲ. ಭೇದವನ್ನು ಗಂಭೀರವಾಗಿ ಎಣಿಸಿದುದರಿಂದಲೇ ಅವರು ಪರಸ್ಪರರ ಮಾತನ್ನು ಕಿವಿಗೊಟ್ಟು ಕೇಳಬೇಕಾಯಿತು. ಭೇದವೇ ಇಲ್ಲವೆಂದವನಿಗೆ ಕೇಳುವ ಅಗತ್ಯವೆಲ್ಲಿ?

ಕನ್ನಡ, ತುಳು, ಕೊಂಕಣಿ, ಮಲಯಾಳಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುವ ಗಡಿನಾಡಿನ ಶಾಲೆಗಳಲ್ಲಿ ನಾವು ಪಾಠ ಹೇಳುವವರು. ವ್ಯತ್ಯಾಸವನ್ನು ಮುಚ್ಚಿಟ್ಟು ತಂದ ಸಾಮರಸ್ಯವು ಮೊದಲನೆಯ ಜಗಳಕ್ಕೇ ಮುರಿಯುತ್ತದೆ ಎಂಬುದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದುದರಿಂದ ಮುಂದಿನ ಸಲ ಆ ಮೂರು ಹೆಸರುಗಳನ್ನು ಕರಿಹಲಗೆಯ ಮೇಲೆ ಬರೆದಾಗ ಕಡಲಿನ ಮಾತಿಗೆ ಅವಸರಪಡದಿರೋಣ. ಕೂಡ್ಲಿನ ಆ ವಾದದ ಕಥೆಯನ್ನು ಮೊದಲು ಹೇಳೋಣ. ಎದ್ದು ನಿಂತ ವಿದ್ಯಾರ್ಥಿಯ ಪ್ರಶ್ನೆಯನ್ನು ಪೂರ್ತಿಯಾಗಿ ಕೇಳೋಣ.