ಸವೆತ ಗೆಲ್ಲಲು ಹೊರಟ ಎರಡು ಗುಂಡುಗಳು

ಎಡಗಡೆಯದು ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯ ಶಸ್ತ್ರವೈದ್ಯ ಜಾನ್ ಚಾರ್ನ್ಲಿ ರೂಪಿಸಿದ ಬಗೆಯ ಕೃತಕ ಸೊಂಟದ ಕೀಲು: ತೊಡೆಮೂಳೆಯೊಳಗೆ ಇಳಿಯುವ ಸ್ಟೀಲ್ ದಂಡ, ತುದಿಯಲ್ಲಿ ಸುಮಾರು 22 ಮಿ.ಮೀ. ಗುಂಡು. ಗುಂಡು ಕೂರಲು ಅವರು ಮೊದಲು ಬಳಸಿದ ಟೆಫ್ಲಾನ್ ಬಟ್ಟಲುಗಳು ಕೆಲವೇ ವರ್ಷಗಳಲ್ಲಿ ಸವೆದವು. ಉದುರಿದ ಪುಡಿಯಿಂದ ಸುತ್ತಲಿನ ಅಂಗಾಂಶ ಕೆರಳಿ, ರೋಗಿಗಳು ಮತ್ತೆ ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಾಯಿತು. 1962ರಲ್ಲಿ ಗಟ್ಟಿ ಪಾಲಿಥೀನ್ ಬಟ್ಟಲು ಬಂದ ಮೇಲೆ ಅನೇಕರು ದಶಕಗಳ ಕಾಲ ನೋವಿಲ್ಲದೆ ನಡೆದರು.

ಬಲಗಡೆಯದು ಅಲ್ಯುಮಿನಾ ಸೆರಾಮಿಕ್. 1970ರಲ್ಲಿ ಫ್ರಾನ್ಸಿನ ಪಿಯರ್ ಬುತ್ಯಾಂ ಇದನ್ನು ಸೊಂಟದ ಕೀಲಿಗೆ ತಂದರು. ಲೋಹಕ್ಕಿಂತ ಗಡುಸು, ಸವೆತ ಬಹಳ ಕಡಿಮೆ. ಆದರೆ ಬಲವಾದ ಪೆಟ್ಟಿಗೆ ಒಡೆಯಬಹುದು.

ಗಮನಿಸಿ: ಸೆರಾಮಿಕ್ ಗುಂಡಿನ ಮೇಲಿನ ಬೂದು ಗೆರೆ ಬಿರುಕಲ್ಲ. ಕೀಲು ಜಾರಿ ಲೋಹದ ಅಂಚಿಗೆ ಉಜ್ಜಿದಾಗ ಲೋಹವೇ ಸವೆದು ಮೆತ್ತಿಕೊಂಡ ಗುರುತು.